ಹಣ್ಣಿನ ಹೆಸರು, ಅರಸನ ಹೆಸರು: ‘ಆರೆಂಜ್’ ಪದದ ಒಂದು ಪ್ರಕರಣ ಅಧ್ಯಯನ

ನೆದರ್ಲ್ಯಾಂಡ್ಸ್‌ನಲ್ಲಿ ಏಪ್ರಿಲ್ 27 ದೊರೆಯ ಹುಟ್ಟುಹಬ್ಬ. ಆ ದಿನ ಆಮ್‌ಸ್ಟರ್‌ಡ್ಯಾಮ್‌ನ ಕಾಲುವೆಗಳಲ್ಲಿ ತೇಲುವ ದೋಣಿಗಳಿಂದ ಹಿಡಿದು ಮಕ್ಕಳ ಕೆನ್ನೆಯವರೆಗೆ ಎಲ್ಲೆಲ್ಲೂ ಕಿತ್ತಳೆ ಬಣ್ಣ. ಫುಟ್‌ಬಾಲ್ ತಂಡದ ಅಂಗಿಗೂ ಅದೇ ಬಣ್ಣ, ಜನ ತಂಡವನ್ನು ಕರೆಯುವುದೂ ಅದೇ ಹೆಸರಿನಿಂದ: ಓರಾನ್ಯೆ. ಆದರೆ ದೇಶದ ಬಾವುಟದಲ್ಲಿ ಇರುವುದು ಕೆಂಪು, ಬಿಳಿ, ನೀಲಿ ಪಟ್ಟಿಗಳು ಮಾತ್ರ. ಅಂಗಡಿಗೆ ಹೋಗಿ ಕಿತ್ತಳೆ ಹಣ್ಣು ಕೊಡಿ ಎನ್ನಬೇಕಾದರೂ ‘ಓರಾನ್ಯೆ’ ಎಂಬ ಪದ ಕೆಲಸಕ್ಕೆ ಬರುವುದಿಲ್ಲ. ಹಣ್ಣಿಗೆ ಅಲ್ಲಿ ‘ಸಿನಾಸ್‌ಆಪೆಲ್’ ಎನ್ನುತ್ತಾರೆ, ಅಂದರೆ ಚೀನಾದ ಸೇಬು.

ಹಣ್ಣಿನ ಹೆಸರಲ್ಲದ, ಬಾವುಟದಲ್ಲೂ ಇಲ್ಲದ ಈ ಬಣ್ಣ ಒಂದು ದೇಶದ ಗುರುತಾದದ್ದು ಹೇಗೆ? ಇಂಗ್ಲಿಷ್ ಮತ್ತು ಫ್ರೆಂಚ್ ಭಾಷೆಗಳಲ್ಲಿ ಹಣ್ಣು, ಬಣ್ಣ, ಊರು, ಅರಸುಮನೆತನ ನಾಲ್ಕಕ್ಕೂ ಒಂದೇ ಪದ ಹೇಗೆ ಬಂತು? ಅದೇ ಹಣ್ಣಿಗೆ ಗ್ರೀಕರು, ರಷ್ಯನ್ನರು, ಪೋಲರು ಬೇರೆ ಬೇರೆ ಹೆಸರು ಹಿಡಿದು ಕೂತದ್ದೇಕೆ? ಈ ಬರಹ ಕೈಗೆತ್ತಿಕೊಂಡಿರುವ ಪ್ರಕರಣ ಇದು. ಪದಗಳ ಮೂಲ ಹುಡುಕುವಾಗ ನಾನು ಕೇಳುವ ಪ್ರಶ್ನೆಗಳು ಎರಡೇ: ಪದ ಯಾವಾಗ ಬಂತು, ಯಾವ ದಾರಿಯಲ್ಲಿ ಬಂತು. ಉಚ್ಚಾರಣೆಯ ಹೋಲಿಕೆಯೊಂದನ್ನೇ ನಂಬಿ ಮೂಲ ಹೇಳುವವರು ಎಡವುವ ಜಾಗಗಳು ಈ ಒಂದು ಪದದಲ್ಲೇ ಎಷ್ಟೋ ಸಿಗುತ್ತವೆ.

ಹಣ್ಣಿನ ದಾರಿ

ಹಣ್ಣಿನ ಹೆಸರಿನ ಹಿಂದಕ್ಕೆ ಹೋದರೆ ನಮ್ಮ ಬೇಲಿಯ ಪಕ್ಕಕ್ಕೇ ಬರುತ್ತೇವೆ. ಸಂಸ್ಕೃತದ ‘ನಾರಂಗ’ ಪರ್ಷಿಯನ್‌ನಲ್ಲಿ ‘ನಾರಂಗ್’ ಆಯಿತು. ‘ಗ’ ಧ್ವನಿ ಇಲ್ಲದ ಅರಬ್ಬಿಯಲ್ಲಿ ‘ನಾರಂಜ್’ ಆಯಿತು. ಸಂಸ್ಕೃತದ ಪದವೇ ದ್ರಾವಿಡ ಭಾಷೆಗಳಿಂದ ಹೋದದ್ದು ಎಂಬುದು ಅನೇಕ ವಿದ್ವಾಂಸರ ಅಭಿಪ್ರಾಯ, ಅದಕ್ಕೆ ಗಟ್ಟಿ ಆಧಾರವಿದೆ ಎಂದೇ ನನಗೂ ತೋರುತ್ತದೆ. ತಮಿಳರು ಉಪ್ಪಿನಕಾಯಿಗೆ ಬಳಸುವ ‘ನಾರತ್ತಂಗಾಯ್’, ಮಲಯಾಳದ ‘ನಾರಗಂ’ ಎಂಬ ಮರ, ಅದರ ಕಾಯಿಯಾದ ‘ನಾರಙ್ಙ’ ಎಲ್ಲವೂ ಇಂದಿಗೂ ಬಳಕೆಯಲ್ಲಿರುವ ಪದಗಳು. ಆದರೆ ಕಾಸರಗೋಡು ದಾಟಿ ‘ನಾರಙ್ಙ ವೆಳ್ಳಂ’ ಕೇಳಿದರೆ ಕೈಗೆ ಬರುವುದು ನಿಂಬೆ ಹಣ್ಣಿನ ಪಾನಕ. ಯುರೋಪಿನವರಿಗೆ ಕಿತ್ತಳೆಯ ಹೆಸರು ಕೊಟ್ಟ ಪದ ತವರಿನಲ್ಲಿ ನಿಂಬೆಯ ಹೆಸರಾಗಿ ಉಳಿದಿದೆ.

ಅರಬ್ಬರು ಸಿಸಿಲಿ ಮತ್ತು ಸ್ಪೇನ್‌ಗೆ ಒಯ್ದದ್ದು ನಾವು ಇಂದು ಸುಲಿದು ತಿನ್ನುವ ಕಿತ್ತಳೆಯಲ್ಲ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ಅದು ಹುಳಿಯೂ ಕಹಿಯೂ ಆದ ಹಣ್ಣು. ಸಿಪ್ಪೆಯ ಪರಿಮಳಕ್ಕೆ, ಔಷಧಿಗೆ, ಅಡುಗೆಯ ಹುಳಿಗೆ, ಹೂವಿನ ಸುಗಂಧಕ್ಕೆ ಅದನ್ನು ಬೆಳೆಸುತ್ತಿದ್ದರು. ಸೆವಿಲ್ಲಾ ನಗರದ ಬೀದಿಬದಿಯಲ್ಲಿ ಇಂದಿಗೂ ಸಾಲುಸಾಲಾಗಿ ನಿಂತಿರುವುದು ಅದೇ ಕಹಿ ಕಿತ್ತಳೆಯ ಮರ. ಸಿಹಿ ಕಿತ್ತಳೆ ಯುರೋಪಿನಲ್ಲಿ ನೆಲೆಯೂರಿದ್ದು ಹಲವು ಶತಮಾನಗಳ ನಂತರ, 15ನೆಯ ಶತಮಾನದ ಕೊನೆ ಮತ್ತು 16ನೆಯ ಶತಮಾನದಲ್ಲಿ. ಜಿನೋವಾ ಮತ್ತು ಪೋರ್ಚುಗಲ್‌ನ ವ್ಯಾಪಾರಿಗಳು ಅದನ್ನು ಹರಡಿದರು. ಹೀಗೆ ಎರಡು ಹಣ್ಣು ಎರಡು ಕಾಲದಲ್ಲಿ ಬಂದವು. ಯುರೋಪಿನ ಹೆಸರುಗಳ ಗೋಜಲು ಅರ್ಧಕ್ಕರ್ಧ ಇಲ್ಲೇ ಬಿಡಿಸಿಕೊಳ್ಳುತ್ತದೆ.

ಮೊದಲು ಬಂದ ಕಹಿ ಹಣ್ಣಿನೊಡನೆ ‘ನಾರಂಜ್’ ಬಂತು. ಸ್ಪ್ಯಾನಿಷ್‌ನಲ್ಲಿ ಅದು ‘ನರಾನ್ಹ’ ಆಗಿ ‘ನ’ಕಾರವನ್ನು ಉಳಿಸಿಕೊಂಡಿತು. ಹಂಗೇರಿಯವರ ‘ನರಾಂಚ್’, ಕ್ರೊಯೇಷಿಯದ ‘ನರಾಂಚ’ ಕೂಡ ಹಾಗೆಯೇ. ಪೋರ್ಚುಗೀಸರು ‘ನ’ವನ್ನು ‘ಲ’ ಮಾಡಿ ‘ಲರಾಂಜ’ ಎಂದರು. ಇಟಲಿಯ ಕತೆ ಮಾತ್ರ ಬೇರೆ. ಅಲ್ಲಿ ಒಂದು ಎನ್ನಲು ‘ಉನ’ ಎನ್ನುತ್ತಾರೆ. ‘ಉನ ನರಾಂಚ’ ಎಂದು ಎರಡು ಮೂರು ಸಲ ಬೇಗಬೇಗ ಹೇಳಿ ನೋಡಿ. ಎರಡು ‘ನ’ಗಳು ಒಂದಕ್ಕೊಂದು ಅಂಟಿಕೊಂಡು, ಯಾವ ‘ನ’ ಯಾವ ಪದದ್ದು ಎಂಬುದೇ ಕಿವಿಗೆ ತಿಳಿಯದೆ ಹೋಗುತ್ತದೆ. ಕೇಳಿದವರು ‘ಉನ್ ಅರಾಂಚ’ ಎಂದು ಬಿಡಿಸಿಕೊಂಡರು, ಹಣ್ಣು ‘ಅರಾಂಚ’ ಆಯಿತು. ಇಂಗ್ಲಿಷಿನಲ್ಲಿ ‘ಎ ನೇಪ್ರನ್’ ಎಂಬುದು ‘ಆ್ಯನ್ ಏಪ್ರನ್’ ಆದದ್ದೂ ಹೀಗೆಯೇ. ಇದನ್ನು ಓದಿದವರಲ್ಲಿ ಕೆಲವರು ‘ಎ ನಾರೆಂಜ್’ ಎಂಬುದು ಇಂಗ್ಲಿಷಿನಲ್ಲೇ ‘ಆ್ಯನ್ ಆರೆಂಜ್’ ಆಯಿತು ಎಂದು ಪಾಠ ಹೇಳುವುದುಂಟು. ಅದು ತಪ್ಪು. ಪದ ಫ್ರೆಂಚ್ ಮೂಲಕ ಇಂಗ್ಲೆಂಡಿಗೆ ಬರುವಷ್ಟರಲ್ಲಿ ‘ನ’ ಆಗಲೇ ಕಳಚಿಕೊಂಡಿತ್ತು. ದಾರಿಯನ್ನು ನೋಡದೆ ಬರೀ ತರ್ಕದಿಂದ ಮೂಲ ಹೇಳಿದರೆ ಹೀಗಾಗುತ್ತದೆ.

ಇಟಲಿಯವರು ಅದನ್ನು ‘ಮೆಲರಾಂಚ’ ಎಂದೂ ಕರೆದರು. ‘ಮೆಲ’ ಎಂದರೆ ಸೇಬು. ಹಳೆಯ ಫ್ರೆಂಚ್ ಅದನ್ನೇ ಅನುಕರಿಸಿ ‘ಪೊಮ್ ದೊರಾಂಜ್’ ಎಂದಿತು. ಇಲ್ಲೊಂದು ಸಣ್ಣ ಬದಲಾವಣೆ ನುಸುಳಿದೆ. ‘ಅರಾಂಚ’ದ ಮೊದಲ ‘ಅ’ ಫ್ರಾನ್ಸ್‌ನಲ್ಲಿ ‘ಒ’ ಆಗಿದೆ. ಫ್ರೆಂಚ್‌ನಲ್ಲಿ ‘ಒರ್’ ಎಂದರೆ ಚಿನ್ನ. ಹೊಂಬಣ್ಣದ ಹಣ್ಣಿನ ಹೆಸರಿನಲ್ಲಿ ಜನ ಚಿನ್ನವನ್ನು ಕೇಳಿಸಿಕೊಂಡರು. ಲ್ಯಾಟಿನ್ ಬಲ್ಲ ಪಂಡಿತರೂ ಹಿಂದೆ ಬೀಳಲಿಲ್ಲ. ‘ಔರುಮ್’ ಎಂದರೆ ಬಂಗಾರ ಎಂಬುದನ್ನು ಹಿಡಿದು ‘ಔರಾಂಟಿಯಮ್’ ಎಂಬ ಪದ ಕಟ್ಟಿದರು. ಸಸ್ಯಶಾಸ್ತ್ರದಲ್ಲಿ ಕಹಿ ಕಿತ್ತಳೆಗೆ ಇಂದಿಗೂ ‘ಸಿಟ್ರಸ್ ಔರಾಂಟಿಯಮ್’ ಎಂಬ ಹೆಸರಿದೆ. ‘ನಾರಂಗ’ಕ್ಕೂ ಚಿನ್ನಕ್ಕೂ ಹುಟ್ಟಿನಿಂದ ಯಾವ ನಂಟೂ ಇಲ್ಲ. ಆದರೂ ಆ ತಪ್ಪು ತಿಳಿವಳಿಕೆ ಪದದ ರೂಪವನ್ನೇ ತಿದ್ದಿತು ಎಂಬುದನ್ನು ಮರೆಯುವಂತಿಲ್ಲ.

ಊರಿನ ದಾರಿ

ಈಗ ಹಣ್ಣನ್ನು ಪಕ್ಕಕ್ಕಿಡೋಣ. ಫ್ರಾನ್ಸ್‌ನ ದಕ್ಷಿಣದಲ್ಲಿ, ರೋನ್ ನದಿಯ ಕಣಿವೆಯಲ್ಲಿ ಒರಾಂಜ್ ಎಂಬ ಪಟ್ಟಣವಿದೆ. ಅಲ್ಲಿನ ರೋಮನ್ ರಂಗಮಂದಿರ ಯುನೆಸ್ಕೊ ಪಟ್ಟಿಯಲ್ಲಿದೆ, ಅದರ ಹಿನ್ನೆಲೆಯ ಬೃಹತ್ ಗೋಡೆ ಇಂದಿಗೂ ನಿಂತಿದೆ. ರೋಮನ್ನರ ಕಾಲದಲ್ಲಿ ಊರಿನ ಹೆಸರು ‘ಆರೌಸಿಯೊ’. ಕ್ರಿಸ್ತಪೂರ್ವ 105ರಲ್ಲಿ ಇದೇ ಊರಿನ ಬಳಿ ಜರ್ಮನಿಕ್ ಬುಡಕಟ್ಟುಗಳು ರೋಮನ್ ಸೇನೆಯನ್ನು ನುಚ್ಚುನೂರು ಮಾಡಿದವು. ಹೆಸರು ಮಾತ್ರ ರೋಮನ್ನರದ್ದಲ್ಲ, ಅವರಿಗಿಂತ ಮೊದಲು ಅಲ್ಲಿದ್ದ ಕೆಲ್ಟರ ಒಂದು ಜಲದೇವತೆಯದು. ಕಿತ್ತಳೆ ಗಿಡ ಯುರೋಪನ್ನು ಕಾಣುವುದಕ್ಕೆ ಸಾವಿರ ವರ್ಷ ಮೊದಲೇ ಈ ಹೆಸರು ಇತ್ತು. ಹಣ್ಣಿನಿಂದ ಊರಿಗೆ ಹೆಸರು ಬಂತು ಎನ್ನುವ ವಾದ ಇಷ್ಟಕ್ಕೇ ಮುಗಿಯುತ್ತದೆ.

‘ಆರೌಸಿಯೊ’ ಜನರ ನಾಲಗೆಯಲ್ಲಿ ಸವೆದು ಆ ಸೀಮೆಯ ಒಕ್ಸಿಟನ್ ಭಾಷೆಯಲ್ಲಿ ‘ಔರೆಂಜ’ ಆಯಿತು. ಅದೇ ಸೀಮೆಯಲ್ಲಿ ಹಣ್ಣನ್ನು ‘ಔರಾಂಜ’ ಎನ್ನುತ್ತಿದ್ದರು. ಒಂದು ಜಲದೇವತೆಯ ಹೆಸರು, ಇನ್ನೊಂದು ದಕ್ಷಿಣ ಭಾರತದಿಂದ ಹೊರಟ ಹಣ್ಣಿನ ಹೆಸರು. ಎರಡೂ ತಮ್ಮ ತಮ್ಮ ದಾರಿಯಲ್ಲಿ ಸವೆಯುತ್ತಾ ಬಂದು, ಒಂದು ಸ್ವರವಷ್ಟೇ ಬೇರೆ ಇರುವಷ್ಟು ಹತ್ತಿರವಾದವು. ಫ್ರೆಂಚ್‌ನಲ್ಲಿ ಆ ವ್ಯತ್ಯಾಸವೂ ಅಳಿಯಿತು. ಹಣ್ಣಿನ ಹೆಸರಿನ ಮೊದಲ ಸ್ವರ ಬದಲಾಗಲು ಚಿನ್ನದ ಜೊತೆಗೆ ಈ ಊರಿನ ಹೆಸರೂ ಕಾರಣವಿರಬಹುದು ಎಂಬ ಊಹೆ ಇದೆ. ಅದನ್ನು ಊಹೆ ಎಂದೇ ಇಟ್ಟುಕೊಳ್ಳುವುದು ಒಳ್ಳೆಯದು.

ಈ ಸಣ್ಣ ಊರು 12ನೆಯ ಶತಮಾನದಲ್ಲಿ ಪವಿತ್ರ ರೋಮನ್ ಸಾಮ್ರಾಜ್ಯದ ಅಡಿಯಲ್ಲಿ ಒಂದು ಸಂಸ್ಥಾನವಾಯಿತು. ಅದರ ಒಡೆಯ ‘ಒರಾಂಜ್‌ನ ಪ್ರಿನ್ಸ್’. 1530ರಲ್ಲಿ ಫಿಲಿಬೆರ್ ಎಂಬ ಒಡೆಯ ಮಕ್ಕಳಿಲ್ಲದೆ ಯುದ್ಧದಲ್ಲಿ ಸತ್ತ. ಬಿರುದು ಅವನ ಸೋದರಳಿಯ, ನಸ್ಸೌ ಮನೆತನದ ರೆನೆಗೆ ಬಂತು. 1544ರಲ್ಲಿ ರೆನೆಯೂ ಯುದ್ಧದಲ್ಲಿ ಮಡಿದ. ಅವನಿಗೂ ವಾರಸುದಾರರಿರಲಿಲ್ಲ, ಉಯಿಲಿನಲ್ಲಿ ಬರೆದದ್ದು ಜರ್ಮನಿಯ ಡಿಲೆನ್‌ಬುರ್ಗ್‌ನಲ್ಲಿದ್ದ ದಾಯಾದಿ ಹುಡುಗನ ಹೆಸರು. ಅವನೇ ವಿಲಿಯಂ, ಆಗ ಅವನಿಗೆ 11 ವರ್ಷ. ಲೂಥರ್ ಪಂಥದ ಮನೆಯ ಆ ಹುಡುಗ ಕ್ಯಾಥೊಲಿಕ್ ಶಿಕ್ಷಣ ಪಡೆಯಬೇಕು ಎಂಬ ಷರತ್ತಿನ ಮೇಲೆ ಚಕ್ರವರ್ತಿ ಐದನೆಯ ಚಾರ್ಲ್ಸ್ ಒಪ್ಪಿಗೆ ಕೊಟ್ಟ. ಹುಡುಗನ ಪಾಲಿಗೆ ಬಂದ ಆಸ್ತಿಯಲ್ಲಿ ನೆದರ್ಲ್ಯಾಂಡ್ಸ್‌ನ ಜಮೀನುಗಳೇ ದೊಡ್ಡವು, ಒರಾಂಜ್ ಅಂಗೈಯಗಲದ ಜಾಗ. ಆದರೆ ಸ್ವತಂತ್ರ ಸಂಸ್ಥಾನದ ಒಡೆಯ ಎಂಬ ಬಿರುದಿಗೆ ಘನತೆ ಹೆಚ್ಚು, ಆದ್ದರಿಂದ ಅವನು ಗುರುತಿಸಿಕೊಂಡದ್ದು ಆ ಬಿರುದಿನಿಂದ.

ಮುಂದೆ ಸ್ಪೇನ್ ದೊರೆಯ ವಿರುದ್ಧ ಡಚ್ಚರ ಬಂಡಾಯದ ನಾಯಕನಾದವನು ಇದೇ ವಿಲಿಯಂ. 1584ರಲ್ಲಿ ಡೆಲ್ಫ್ಟ್‌ನಲ್ಲಿ ಅವನ ಕೊಲೆಯಾಯಿತು. ಇಂದಿನ ಡಚ್ ಅರಸುಮನೆತನ ‘ಓರಾನ್ಯೆ-ನಸ್ಸೌ’ ಎಂದು ಕರೆಸಿಕೊಳ್ಳುವುದು ಈ ಸಾಲಿನಿಂದಲೇ.

ಎರಡೂ ದಾರಿ ಕೂಡಿದ ಮೇಲೆ

ಎರಡು ಪದ ಆಕಸ್ಮಿಕವಾಗಿ ಒಂದೇ ಉಚ್ಚಾರಣೆಗೆ ಬಂದದ್ದು ಭಾಷಾಶಾಸ್ತ್ರದ ಮಟ್ಟಿಗೆ ಅಂಥ ದೊಡ್ಡ ಸಂಗತಿಯಲ್ಲ. ಈ ಪ್ರಕರಣ ಅಸಾಧಾರಣವಾಗುವುದು ಮುಂದಿನ ಹೆಜ್ಜೆಯಲ್ಲಿ. ವಿಲಿಯಂನ ಪಕ್ಷದವರು ಆ ಆಕಸ್ಮಿಕವನ್ನು ಎರಡೂ ಕೈಯಿಂದ ಬಾಚಿಕೊಂಡರು. ಬಂಡಾಯದ ಹಡಗುಗಳ ಮೇಲೆ ಕಿತ್ತಳೆ, ಬಿಳಿ, ನೀಲಿ ಪಟ್ಟಿಯ ಬಾವುಟ ಹಾರಿತು. ಮನೆತನದ ಚಿತ್ರಗಳಲ್ಲಿ, ಅರಮನೆಯ ಅಲಂಕಾರದಲ್ಲಿ ಕಿತ್ತಳೆ ಗಿಡವೂ ಹಣ್ಣೂ ಲಾಂಛನವಾದವು. ಜಲದೇವತೆಯ ಹೆಸರು ಹೊತ್ತ ಊರಿನ ಒಡೆತನ ಈಗ ಕಣ್ಣಿಗೆ ಕಾಣುವ ಬಣ್ಣವಾಯಿತು. 17ನೆಯ ಶತಮಾನದ ನಡುವಿನ ಹೊತ್ತಿಗೆ ಬಾವುಟದ ಕಿತ್ತಳೆ ಪಟ್ಟಿ ಕೆಂಪಿಗೆ ಜಾಗ ಬಿಟ್ಟಿತು. 1937ರಲ್ಲಿ ರಾಣಿ ವಿಲ್ಹೆಲ್ಮಿನಾ ಆದೇಶ ಹೊರಡಿಸಿ ಕೆಂಪು, ಬಿಳಿ, ನೀಲಿಯನ್ನೇ ಖಾಯಂ ಮಾಡಿದರು. ಆದರೂ ಅರಸುಮನೆತನದ ಹುಟ್ಟುಹಬ್ಬಗಳಂದು ಬಾವುಟದ ಮೇಲೆ ಉದ್ದನೆಯ ಕಿತ್ತಳೆ ಪಟ್ಟಿಯೊಂದನ್ನು ಕಟ್ಟಿ ಹಾರಿಸುತ್ತಾರೆ. ಮೊದಲ ಪ್ರಶ್ನೆಗೆ ಉತ್ತರ ಇದು: ಡಚ್ಚರ ಬಣ್ಣ ಹಣ್ಣಿನಿಂದ ಬಂದದ್ದಲ್ಲ, ಬಿರುದಿನಿಂದ ಬಂದದ್ದು. ಹಣ್ಣು ಆ ಬಿರುದಿಗೆ ಬಣ್ಣವನ್ನು ಎರವಲು ಕೊಟ್ಟಿತು.

ಅದೇ ಮನೆತನದ ಮೂರನೆಯ ವಿಲಿಯಂ 1689ರಲ್ಲಿ ಇಂಗ್ಲೆಂಡಿನ ದೊರೆಯಾದ. 1690ರಲ್ಲಿ ಐರ್ಲೆಂಡಿನ ಬಾಯ್ನ್ ನದಿಯ ದಂಡೆಯಲ್ಲಿ ಕ್ಯಾಥೊಲಿಕ್ ದೊರೆ ಜೇಮ್ಸ್‌ನನ್ನು ಸೋಲಿಸಿದ. ಐರ್ಲೆಂಡಿನ ಪ್ರೊಟೆಸ್ಟಂಟರಿಗೆ ಅವನ ಬಣ್ಣ ಪಂಥದ ಬಣ್ಣವಾಯಿತು, 1795ರಲ್ಲಿ ಅರ್ಮಾ ಸೀಮೆಯಲ್ಲಿ ‘ಆರೆಂಜ್ ಆರ್ಡರ್’ ಎಂಬ ಅವರ ಸಂಘ ಹುಟ್ಟಿತು. ಜುಲೈ 12ರ ಅವರ ಮೆರವಣಿಗೆಗಳಿಂದ ಉತ್ತರ ಐರ್ಲೆಂಡಿನಲ್ಲಿ ಎಷ್ಟು ಸಲ ನೆತ್ತರು ಹರಿದಿದೆ ಎಂಬುದನ್ನು ನೆನೆದರೆ ಪದವೊಂದರ ಭಾರ ಅರಿವಾಗುತ್ತದೆ. 1848ರಲ್ಲಿ ಐರಿಷ್ ತ್ರಿವರ್ಣವನ್ನು ಎತ್ತಿ ಹಿಡಿದವರು ಹಸಿರು ಮತ್ತು ಕಿತ್ತಳೆಯ ನಡುವೆ ಬಿಳಿ ಇಟ್ಟದ್ದು ಎರಡು ಪಂಥಗಳ ನಡುವೆ ಶಾಂತಿ ಬೇಡಿ. ನನಗೆ ಈ ಪ್ರಕರಣದಲ್ಲಿ ಅತ್ಯಂತ ಮನಸ್ಸಿಗೆ ತಟ್ಟುವ ಸಂಗತಿ ಇದು. ಕೆಲ್ಟರ ದೇವತೆಯೊಂದರ ಹೆಸರು ಎರಡು ಸಾವಿರ ವರ್ಷಗಳ ಕಾಲ ರೋಮನ್ನರ, ಫ್ರೆಂಚರ, ಜರ್ಮನ್ನರ, ಡಚ್ಚರ, ಇಂಗ್ಲಿಷರ ಕೈದಾಟಿ, ಕೊನೆಗೆ ಕೆಲ್ಟಿಕ್ ಭಾಷೆಯೊಂದರ ತವರಾದ ಐರ್ಲೆಂಡಿನ ಬಾವುಟದಲ್ಲಿ ಬಣ್ಣವಾಗಿ ಬಂದು ನಿಂತಿದೆ.

ಒರಾಂಜ್ ಊರು ಏನಾಯಿತು? ಫ್ರಾನ್ಸ್‌ನ 14ನೆಯ ಲೂಯಿ ಅದರ ಮೇಲೆ ಕಣ್ಣಿಟ್ಟು 1673ರಲ್ಲಿ ಅಲ್ಲಿನ ಕೋಟೆಯನ್ನು ಕೆಡವಿಸಿದ. ಮುಂದೆ 1684ರಿಂದ 1686ರವರೆಗೆ ವೆರ್ಸಾಯ್‌ನಲ್ಲಿ ಅದೇ ದೊರೆ ಕಿತ್ತಳೆ ಗಿಡಗಳನ್ನು ಚಳಿಯಿಂದ ಕಾಪಾಡಲು ಭವ್ಯವಾದ ‘ಒರಾಂಜೆರಿ’ ಕಟ್ಟಿಸಿದ. 1713ರ ಉಟ್ರೆಕ್ಟ್ ಒಪ್ಪಂದದಲ್ಲಿ ಊರು ಫ್ರಾನ್ಸ್ ಪಾಲಾಯಿತು. ಬಿರುದು ಮಾತ್ರ ಡಚ್ಚರಲ್ಲಿ ಉಳಿಯಿತು, ಅಲ್ಲಿನ ಸಿಂಹಾಸನದ ಉತ್ತರಾಧಿಕಾರಿಗೆ ಇಂದಿಗೂ ಅದೇ ಬಿರುದು.

ಬಣ್ಣಕ್ಕೆ ಹೆಸರಿಲ್ಲದ ಕಾಲ

ಹಣ್ಣು ಬರುವ ಮೊದಲು ಇಂಗ್ಲಿಷರು ಈ ಬಣ್ಣಕ್ಕೆ ‘ಹಳದಿಗೆಂಪು’ ಎಂಬ ಜೋಡುಪದದಿಂದ ಕೆಲಸ ನಡೆಸುತ್ತಿದ್ದರು. 14ನೆಯ ಶತಮಾನದ ಚಾಸರ್ ಕವಿ ನರಿಯ ಬಣ್ಣವನ್ನು ಹೇಳುವಾಗ ‘ಹಳದಿಗೂ ಕೆಂಪಿಗೂ ನಡುವಿನದು’ ಎಂದು ಸುತ್ತಿ ಹೇಳುತ್ತಾನೆ. ಎದೆ ಕಿತ್ತಳೆ ಬಣ್ಣವಿರುವ ರಾಬಿನ್ ಹಕ್ಕಿ ಇಂದಿಗೂ ಅವರಿಗೆ ‘ಕೆಂಪೆದೆ’ಯ ಹಕ್ಕಿ, ಯಾಕೆಂದರೆ ಹೆಸರಿಟ್ಟ ಕಾಲದಲ್ಲಿ ಬೇರೆ ಪದ ಇರಲಿಲ್ಲ. 16ನೆಯ ಶತಮಾನದಲ್ಲಿ ಹಣ್ಣಿನ ಹೆಸರು ಬಣ್ಣಕ್ಕೂ ನಿಂತಿತು, ನಮ್ಮ ನೇರಳೆ ಹಣ್ಣು ಬಣ್ಣದ ಹೆಸರಾದ ಹಾಗೆ. ಕಿತ್ತಳೆಯ ವಿಚಾರದಲ್ಲಿ ನಮಗೆ ಅಷ್ಟು ಅವಸರ ಬೀಳಲಿಲ್ಲ, ಕೇಸರಿ ಮತ್ತು ಕಾವಿ ಮೊದಲೇ ಇದ್ದವು. ಹಂಗೇರಿಯವರು ಇಂದಿಗೂ ‘ಕಿತ್ತಳೆ-ಹಳದಿ’ ಎಂದೇ ಹೇಳುತ್ತಾರೆ.

ಸಿಹಿ ಹಣ್ಣು ಬಂದಾಗ

ಸಿಹಿ ಕಿತ್ತಳೆ ಬಂದಾಗ ಯುರೋಪಿಗೆ ಹೊಸ ಸಮಸ್ಯೆ ಎದುರಾಯಿತು: ಹಳೆಯ ಕಹಿ ಹಣ್ಣಿನ ಹೆಸರನ್ನೇ ಇದಕ್ಕೂ ಇಡುವುದೇ, ಬೇಡವೇ? ಸ್ಪೇನ್, ಇಟಲಿ, ಫ್ರಾನ್ಸ್, ಇಂಗ್ಲೆಂಡ್ ಹಳೆಯ ಹೆಸರನ್ನೇ ಹಿಗ್ಗಿಸಿದವು. ಗ್ರೀಕರು ಹಾಗೆ ಮಾಡಲಿಲ್ಲ, ಅವರ ವಿವೇಕ ನನಗೆ ಬಹಳ ಮೆಚ್ಚುಗೆ. ಅರಬ್ಬಿ ಮೂಲದ ‘ನೆರಾಂಜಿ’ಯನ್ನು ಕಹಿ ಹಣ್ಣಿಗೇ ಬಿಟ್ಟರು, ಸಿಹಿ ಹಣ್ಣಿಗೆ ‘ಪೊರ್ಟೊಕಾಲಿ’ ಎಂದು ಬೇರೆ ಹೆಸರಿಟ್ಟರು. ಅದು ಪೋರ್ಚುಗಲ್ ದೇಶದ ಹೆಸರು. ಅಥೆನ್ಸ್‌ನ ಬೀದಿ ಮರದಲ್ಲಿರುವುದು ನೆರಾಂಜಿ, ಮನೆಯ ಹಣ್ಣಿನ ಬುಟ್ಟಿಯಲ್ಲಿರುವುದು ಪೊರ್ಟೊಕಾಲಿ. ಯಾರೂ ಒಂದನ್ನು ಇನ್ನೊಂದೆಂದು ತಪ್ಪು ತಿಳಿಯುವುದಿಲ್ಲ. ರುಮೇನಿಯ, ಬಲ್ಗೇರಿಯ, ಅಲ್ಬೇನಿಯ, ಟರ್ಕಿ ಎಲ್ಲೆಡೆ ಪೋರ್ಚುಗಲ್ಲಿನ ಹೆಸರೇ. ಅರಬ್ಬಿಯಲ್ಲೂ ಸಿಹಿ ಹಣ್ಣು ‘ಬುರ್ತುಕಾಲ್’, ‘ನಾರಂಜ್’ ಕಹಿಗೆ. ಪದವನ್ನು ಯುರೋಪಿಗೆ ದಾಟಿಸಿದ ಅರಬ್ಬರೇ ಮುಂದೆ ಪೋರ್ಚುಗಲ್ಲಿನ ಹೆಸರು ಹಿಡಿದರು, ಪೋರ್ಚುಗೀಸರು ಅರಬ್ಬಿಯಿಂದ ಬಂದ ‘ಲರಾಂಜ’ವನ್ನು ಬಿಡಲೇ ಇಲ್ಲ.

ಉತ್ತರದವರು ಇನ್ನೊಂದು ಬಂದರಿನ ಕಡೆ ನೋಡಿದರು. ಜರ್ಮನ್ನರ ‘ಆಪ್ಫೆಲ್‌ಜೀನೆ’, ಸ್ವೀಡನ್ನಿನ ‘ಅಪೆಲ್ಸಿನ್’, ರಷ್ಯನ್ನರ ‘ಅಪೆಲ್‌ಸಿನ್’ ಎಲ್ಲವೂ ಡಚ್ಚರಂತೆ ಚೀನಾದ ಸೇಬೇ. ಹೊರಗಿನಿಂದ ಬಂದದ್ದಕ್ಕೆಲ್ಲ ನಾವು ‘ಸೀಮೆ’ ಸೇರಿಸಿದಂತೆ, ಸೀಮೆಎಣ್ಣೆ, ಸೀಮೆಬದನೆ, ಸೀಮೆಸುಣ್ಣ ಎಂದಂತೆ, ಅವರಿಗೆ ಚೀನಾ. ಪೋಲೆಂಡ್ ಮತ್ತು ಚೆಕ್ ಕಡೆಯವರು ಇಟಲಿಯ ‘ಸೇಬು-ಕಿತ್ತಳೆ’ಯನ್ನು ಒಂದೇ ಪದ ಮಾಡಿ ‘ಪೊಮರಾಂಚ’, ‘ಪೊಮೆರಂಚ್’ ಎಂದರು. ಅದೇ ಪದ ಜರ್ಮನ್‌ನಲ್ಲಿ ಕಹಿ ಹಣ್ಣಿಗೆ ಮೀಸಲು. 2004ರ ಉಕ್ರೇನ್ ಚಳವಳಿಯನ್ನು ಅಲ್ಲಿನವರು ‘ಪೊಮರಾಂಚೆವ’ ಕ್ರಾಂತಿ ಎಂದರೆ, ರಷ್ಯನ್ನರು ಫ್ರೆಂಚ್‌ನಿಂದ ಬಂದ ‘ಅರಾಂಜೆವಯ’ ಎಂಬ ಪದ ಬಳಸಿದರು.

ಕ್ಯಾಟಲನ್ ಭಾಷೆಯ ‘ತರೊಂಜ’ ನೋಡಿದರೆ ‘ನಾರಂಜ’ದ ತಮ್ಮನಂತೆಯೇ ಕಾಣುತ್ತದೆ. ಅರ್ಥವೂ ಕಿತ್ತಳೆಯೇ. ಆದರೆ ಮೂಲ ಬೇರೆ. ಅದು ಅರಬ್ಬಿಯಲ್ಲಿ ಮಾದಳಕ್ಕಿದ್ದ ‘ತುರುಂಜ್’ ಎಂಬ ಹೆಸರಿನಿಂದ ಬಂದದ್ದು. ಅದರದೇ ರೂಪವಾದ ‘ತೊರೊನ್ಹ’ ಮೆಕ್ಸಿಕೊ ಮುಂತಾದ ಕಡೆಯ ಸ್ಪ್ಯಾನಿಷ್‌ನಲ್ಲಿ ಚಕ್ಕೋತದ ಬಳಗದ ಗ್ರೇಪ್‌ಫ್ರೂಟ್ ಹಣ್ಣಿನ ಹೆಸರು. ಪ್ರಾಸ ಕೂಡಿತೆಂದು ಮೂಲ ಕೂಡಿಸಿದರೆ ಇಲ್ಲಿ ಸೋಲುತ್ತೇವೆ.

ಕನ್ನಡ ಈ ಗೋಜಲನ್ನು ಊರು ದೇಶಗಳ ಹಂಗಿಲ್ಲದೆ ಬಿಡಿಸಿಕೊಂಡಿತ್ತು. ‘ಈಳೆ’ ಎಂಬುದು ಈ ಜಾತಿಯ ಕಾಯಿಗೆ ಹಳೆಯ ಹೆಸರು. ಕಿರಿದಾದ ಈಳೆ ‘ಕಿತ್ತಿಳೆ’, ಹಿರಿದಾದದ್ದು ‘ಹೇರಿಳೆ’. ಅವೇ ಇಂದಿನ ಕಿತ್ತಳೆ ಮತ್ತು ಗೊಜ್ಜಿಗೆ ಹಾಕುವ ಹೇರಳೆ ಎಂದು ಬಿಡಿಸುತ್ತಾರೆ. ಕಿರಿದು ಅಡಿ ಸೇರಿ ‘ಕಿತ್ತಡಿ’ ಆಗುವುದನ್ನು ವ್ಯಾಕರಣದಲ್ಲಿ ಓದಿದವರಿಗೆ ಈ ಸಂಧಿ ಹೊಸದೇನಲ್ಲ. ಊರಿನ ಹೆಸರಿನ ಹಣ್ಣು ನಮಗೂ ಒಂದು ಉಂಟು: ಆಫ್ರಿಕಾದ ಮೊಸಾಂಬಿಕ್‌ನಿಂದ ಹೆಸರು ಪಡೆದ ಮೋಸಂಬಿ.

ಹೆಸರುಗಳ ಪರೀಕ್ಷೆ

ಇಷ್ಟು ತಿಳಿದ ಮೇಲೆ ಸುತ್ತಮುತ್ತಲ ಹೇಳಿಕೆಗಳನ್ನು ಪರೀಕ್ಷಿಸಬಹುದು. ದಕ್ಷಿಣ ಆಫ್ರಿಕಾದ ಆರೆಂಜ್ ನದಿಗೆ ನೀರಿನ ಕೆಂಬಣ್ಣದಿಂದ ಹೆಸರು ಬಂತು ಎನ್ನುವವರಿದ್ದಾರೆ. ಅಲ್ಲ, 1779ರಲ್ಲಿ ಡಚ್ ಕಂಪನಿಯ ಅಧಿಕಾರಿ ರಾಬರ್ಟ್ ಗಾರ್ಡನ್ ಅರಸುಮನೆತನದ ಗೌರವಕ್ಕೆ ಇಟ್ಟದ್ದು. ನ್ಯೂಯಾರ್ಕ್ ರಾಜ್ಯದ ಆರೆಂಜ್ ಕೌಂಟಿ 1683ರದು, ಮುಂದೆ ಮೂರನೆಯ ವಿಲಿಯಂ ಆದ ರಾಜಕುಮಾರನ ಹೆಸರಿನದು. ಕ್ಯಾಲಿಫೋರ್ನಿಯಾದ ಆರೆಂಜ್ ಕೌಂಟಿ 1889ರದು, ಅದು ಹಣ್ಣಿನದು. ಒಂದೇ ದೇಶ, ಒಂದೇ ಹೆಸರು, ಮೂಲ ಎರಡು. ಡಚ್ ರೈತರು ವಿಲಿಯಂನ ಗೌರವಕ್ಕಾಗಿ ಕ್ಯಾರೆಟ್ಟನ್ನು ಕಿತ್ತಳೆ ಬಣ್ಣಕ್ಕೆ ತಂದರು ಎಂಬ ಕತೆ ಜಗತ್ತಿನಾದ್ಯಂತ ಓಡಾಡುತ್ತಿದೆ. ಡಚ್ಚರು ಆ ಬಣ್ಣದ ತಳಿಗಳನ್ನು ಚೆನ್ನಾಗಿ ಬೆಳೆಸಿದ್ದು ನಿಜ. ಗೌರವಕ್ಕಾಗಿ ಎಂಬುದಕ್ಕೆ ಅಂದಿನ ಯಾವ ದಾಖಲೆಯೂ ಇಲ್ಲ.

ನಮ್ಮ ಕಡೆಯದೊಂದು ಉಳಿದಿದೆ. ಉತ್ತರ ಕರ್ನಾಟಕದ ಮಾರುಕಟ್ಟೆಗಳಲ್ಲಿ ನಾಗಪುರದ ಹಣ್ಣನ್ನು ‘ಸಂತ್ರಿ’ ಎನ್ನುತ್ತಾರೆ, ಹಿಂದಿಯಲ್ಲಿ ‘ಸಂತರಾ’. ಇದು ಪೋರ್ಚುಗಲ್ಲಿನ ಸಿಂತ್ರಾ ಎಂಬ ಊರಿನಿಂದ ಬಂತು ಎಂದು ಹೇಳುವವರಿದ್ದಾರೆ. ಕೇಳಲು ಚೆಂದ, ಮೋಸಂಬಿಯ ಉದಾಹರಣೆ ಪಕ್ಕದಲ್ಲೇ ಇರುವುದರಿಂದ ನಂಬಲೂ ಸುಲಭ. ಆದರೆ 1520ರ ದಶಕದಲ್ಲಿ ಹಿಂದೂಸ್ತಾನದ ಹಣ್ಣುಗಳ ಬಗ್ಗೆ ಬರೆದ ಬಾಬರ್, ನಾರಂಜ್ ಮತ್ತು ನಿಂಬೆಯ ಸಾಲಿನಲ್ಲೇ ‘ಸಂಗ್ತರ’ವನ್ನೂ ಸೇರಿಸಿದ್ದಾನೆ. ಅವನು ಅದನ್ನು ಕಂಡದ್ದು ಪೋರ್ಚುಗೀಸರ ಬಂದರುಗಳಿಂದ ಬಹುದೂರದ ಉತ್ತರದಲ್ಲಿ, ಅವರು ಪಶ್ಚಿಮ ಕರಾವಳಿಯಲ್ಲಿ ನೆಲೆಯೂರಿ ಇನ್ನೂ ಮೂರು ದಶಕ ಆಗುವ ಮೊದಲು, ಈ ನೆಲದ ಹಣ್ಣುಗಳಲ್ಲಿ ಒಂದಾಗಿ. ಕಾಲ ಮತ್ತು ದಾರಿ ಎರಡೂ ಸಿಂತ್ರಾದ ವಿರುದ್ಧವೇ ಸಾಕ್ಷಿ ನುಡಿಯುತ್ತವೆ.